‘ಈಸ್’ ಪುಟ್ಟ ಪದ, ಆದರೂ ದೊಡ್ಡಕ್ಷರ

ಅಮೆರಿಕಕ್ಕೆ ಓದಲು ಬಂದ ಮೊದಲ ಸೆಮಿಸ್ಟರ್. ನಾನು ಕೊಟ್ಟಿದ್ದ ಪೇಪರ್ ವಾಪಸ್ ಬಂತು. ಇಂಗ್ಲಿಷ್ ಶೀರ್ಷಿಕೆಯಲ್ಲೇ ಎರಡು ಕೆಂಪು ಸುತ್ತು, ಎರಡೂ ದೊಡ್ಡಕ್ಷರದ (ಕ್ಯಾಪಿಟಲ್) ತಪ್ಪಿಗೆ. ‘ಈಸ್’ ಪದದ ಐ ಸಣ್ಣದಿತ್ತು, ಅದಕ್ಕೊಂದು. ನಡುವೆ ಬಂದ ‘ದಿ’ಯ ಟಿ ದೊಡ್ಡದಿತ್ತು, ಅದಕ್ಕೊಂದು.

ಎರಡೇ ಅಕ್ಷರದ ಪದ ಅಲ್ವಾ ಅಂತ ‘ಈಸ್’ ಅನ್ನು ಸಣ್ಣಕ್ಷರದಲ್ಲಿ ಬಿಟ್ಟಿದ್ದೆ. ಪ್ರೊಫೆಸರ್ ಕೂರಿಸಿಕೊಂಡು ತಿಳಿಸಿದರು. ಪದ ಎಷ್ಟು ಉದ್ದ ಅನ್ನುವುದಲ್ಲ, ಅದು ಅಲ್ಲಿ ಏನು ಕೆಲಸ ಮಾಡುತ್ತಿದೆ ಅನ್ನುವುದು ಮುಖ್ಯ. ‘ಈಸ್’ ಕ್ರಿಯಾಪದ, ಹಾಗಾಗಿ ದೊಡ್ಡಕ್ಷರ. ‘ಇಟ್’ ಸರ್ವನಾಮ, ಅದಕ್ಕೂ ದೊಡ್ಡಕ್ಷರ. ಎ, ದಿ, ಆ್ಯಂಡ್, ಆಫ್ ಇಂಥವು ಸಣ್ಣಕ್ಷರ. ಶೀರ್ಷಿಕೆಯ ಮೊದಲ ಪದ ಮಾತ್ರ ಯಾವುದಾದರೂ ದೊಡ್ಡದೇ. ಕೋಲನ್ (:) ಆದಮೇಲಿನ ಮೊದಲ ಪದವೂ ಅಷ್ಟೇ.

ಕನ್ನಡದಲ್ಲಿ ಕ ಅಂದರೆ ಕ. ದೊಡ್ಡ ಕ, ಸಣ್ಣ ಕ ಅಂತ ಇಲ್ಲವೇ ಇಲ್ಲ. ಅದಕ್ಕೇ ನನಗೆ ಇದು ಬರೀ ಅಲಂಕಾರ ಅನ್ನಿಸಿತ್ತು. ‘ಅಪ್’ ಅನ್ನುವ ಪದ ನನ್ನ ಕಣ್ಣು ತೆರೆಸಿತು. ‘ಗಿವಿಂಗ್ ಅಪ್ ದಿ ಜಾಬ್’ ಅಂದಾಗ ಅದು ಕ್ರಿಯಾಪದಕ್ಕೆ ಅಂಟಿಕೊಂಡಿದೆ, ಯು ದೊಡ್ಡದು. ‘ವಾಕಿಂಗ್ ಅಪ್ ದಿ ಹಿಲ್’ ಅಂದಾಗ ‘ದಿ ಹಿಲ್’ ಕಡೆ ಸೇರಿ ಪ್ರೆಪೊಸಿಷನ್ (ನಾಮಪದಕ್ಕೆ ಮೊದಲು ಬಂದು ಸಂಬಂಧ ತೋರಿಸುವ ಪದ) ಆಗಿದೆ, ಯು ಸಣ್ಣದು. ಅದೇ ಪದ, ಕೆಲಸ ಬೇರೆ. ಇದು ನನಗೆ ತುಂಬಾ ಇಷ್ಟವಾಯಿತು.

ಉದ್ದದ ಲೆಕ್ಕ ಬರುವುದು ಪ್ರೆಪೊಸಿಷನ್‌ಗಳಲ್ಲಿ. ‘ವಿತ್’ ತಗೊಳ್ಳಿ. ಅಮೆರಿಕದ ಮನಶ್ಶಾಸ್ತ್ರ ಸಂಘದ ಬರವಣಿಗೆ ನಿಯಮವಾದ ಎಪಿಎ ಶೈಲಿಯಲ್ಲಿ ನಾಲ್ಕಕ್ಷರ ಇದ್ದರೆ ಸಾಕು, ದೊಡ್ಡಕ್ಷರ. ಭಾಷೆ, ಸಾಹಿತ್ಯದವರು ಬಳಸುವ ಎಂಎಲ್‌ಎ ಶೈಲಿಯಲ್ಲಿ ‘ಬಿಟ್ವೀನ್’ ಕೂಡ ಸಣ್ಣದೇ. ಇನ್ನೊಂದು ಶೈಲಿ ಪುಸ್ತಕವಾದ ಶಿಕಾಗೊ ಕೈಪಿಡಿಯಲ್ಲೂ ಮೊದಲು ಹಾಗೇ ಇತ್ತು. 2024ರಲ್ಲಿ ಬಂದ 18ನೇ ಆವೃತ್ತಿ ಐದಕ್ಷರ ಅಥವಾ ಜಾಸ್ತಿ ಇದ್ದರೆ ದೊಡ್ಡದು ಮಾಡಿ ಅನ್ನುತ್ತದೆ. ಆದ್ದರಿಂದ ಬರೆಯುವ ಮೊದಲು ಯಾವ ಶೈಲಿ ಅಂತ ಕೇಳಿಬಿಡಿ.

ಎಪಿಎಯ ಆಕರಪಟ್ಟಿಯಲ್ಲಿ ಇನ್ನೂ ಒಂದಿದೆ. ಅಲ್ಲಿ ಲೇಖನದ ಹೆಸರನ್ನು ಮಾಮೂಲಿ ವಾಕ್ಯದಂತೆ ಬರೆಯಬೇಕು. ಪಕ್ಕದಲ್ಲೇ ಬರುವ ಜರ್ನಲ್ ಹೆಸರಿಗೆ ಮಾತ್ರ ಶೀರ್ಷಿಕೆಯ ನಿಯಮ. ನನಗೆ ಇದು ರೂಢಿಯಾಗಲು ಒಂದು ಇಡೀ ವರ್ಷ ಬೇಕಾಯಿತು.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ‘ಕ್ಯಾಪಿಟಲೈಸ್ ಈಚ್ ವರ್ಡ್’ ಒತ್ತಿದರೆ ಮುಗಿಯಿತು ಅಂದುಕೊಳ್ಳಬೇಡಿ. ಅದು ‘ಆಫ್’, ‘ದಿ’ ಎಲ್ಲವನ್ನೂ ದೊಡ್ಡದು ಮಾಡಿಬಿಡುತ್ತದೆ. ಒತ್ತಿ, ಆಮೇಲೆ ಒಂದೊಂದೇ ಪದ ನೋಡಿ ಸರಿಮಾಡಿ. ನಾನು ಈಗಲೂ ಹಾಗೇ ಮಾಡುತ್ತೇನೆ.