ಮೊದಲ ಫ್ರಾಸ್ಟ್‌ನ ಹಿಂದಿನ ಮಧ್ಯಾಹ್ನ

ಚಳಿ ಪ್ರದೇಶದಲ್ಲಿ ಕೈತೋಟ ಮಾಡುವವರ ಕ್ಯಾಲೆಂಡರಿನಲ್ಲಿ ಎರಡು ರಾತ್ರಿಗಳಿಗೆ ಇರುವಷ್ಟು ಮಹತ್ವ ಬೇರೆ ಯಾವ ದಿನಕ್ಕೂ ಇಲ್ಲ. ಒಂದು, ವಸಂತದಲ್ಲಿ ಬೀಳುವ ಕೊನೆಯ ಫ್ರಾಸ್ಟ್, ಅಂದರೆ ನೆಲ ಮತ್ತು ಎಲೆಗಳ ಮೇಲೆ ತೇವ ಹೆಪ್ಪುಗಟ್ಟಿ ಬಿಳಿಯ ಹರಳಾಗಿ ಕೂರುವ ಚಳಿ. ಇನ್ನೊಂದು, ಶರತ್ಕಾಲದಲ್ಲಿ ಬೀಳುವ ಮೊದಲ ಫ್ರಾಸ್ಟ್. ಬೀಜವನ್ನು ಎಂದು ಬಿತ್ತಬೇಕು, ಸಸಿಗಳನ್ನು ಎಂದು ಹೊರಗೆ ನಾಟಬೇಕು, ಎಷ್ಟು ದಿನಗಳಲ್ಲಿ ಫಲ ಕೊಡುವ ತಳಿಯನ್ನು ಆರಿಸಬೇಕು ಎಂಬ ಲೆಕ್ಕವೆಲ್ಲ ಈ ಎರಡರಿಂದಲೇ ಹೊರಡುತ್ತದೆ. ಟೊಮೆಟೊ ಬೀಜವನ್ನು ಕೊನೆಯ ಫ್ರಾಸ್ಟ್‌ಗೆ 6ರಿಂದ 8 ವಾರ ಮೊದಲು ಮನೆಯೊಳಗೆ ದೀಪದ ಕೆಳಗೆ ಬಿತ್ತಬೇಕು. ಮೆಣಸಿನಕಾಯಿಗೆ ಅದಕ್ಕಿಂತಲೂ ಹೆಚ್ಚು ಸಮಯ ಬೇಕು. ಬಟಾಣಿಯನ್ನಾದರೆ, ಮುಟ್ಟಿದರೆ ಬೆರಳು ಮರಗಟ್ಟುವಷ್ಟು ಮಣ್ಣು ತಣ್ಣಗಿರುವಾಗಲೇ ನೇರವಾಗಿ ಪಾತಿಗೆ ಹಾಕಬಹುದು. ವಸಂತದ ಆ ಕೊನೆಯ ರಾತ್ರಿ ಅದೇ ಕೊನೆಯದಾಗಿತ್ತು ಎಂದು ತಿಳಿಯುವುದು ಎಷ್ಟೋ ದಿನ ಕಳೆದ ಮೇಲೆ. ಶರತ್ಕಾಲದ್ದು ಹಾಗಲ್ಲ, ಸಾಮಾನ್ಯವಾಗಿ ಅದರ ಮುನ್ಸೂಚನೆ ಸಿಗುತ್ತದೆ, ಕೆಲಸ ಮಾಡಿಕೊಳ್ಳಲು ಒಂದು ಹಗಲು ಉಳಿದಿರುತ್ತದೆ. ಕಳೆದ ವರ್ಷ ನನಗೆ ಸಿಕ್ಕಿದ್ದು ಅಂಥದೊಂದು ಶನಿವಾರ.

ಬೆಳಿಗ್ಗೆ ನೋಡಿದ ಹವಾಮಾನ ವರದಿಯಲ್ಲಿ ಆ ರಾತ್ರಿಯ ಕನಿಷ್ಠ ಉಷ್ಣಾಂಶ 3 ಡಿಗ್ರಿ ಸೆಲ್ಸಿಯಸ್ ಎಂದಿತ್ತು. ನಾನು ಬುಟ್ಟಿ, ಕತ್ತರಿ, ಹಳೆಯ ಹೊದಿಕೆಗಳನ್ನೆಲ್ಲ ಹೊರಗೆ ತಂದು ಹಾಕುತ್ತಿದ್ದುದನ್ನು ಕಂಡು ನಮ್ಮ ಮನೆಯವರು, "ಮೂರು ಅಂತ ಹಾಕಿದ್ದಾರಲ್ಲೇ, ಸೊನ್ನೆ ಅಲ್ಲವಲ್ಲ, ಇನ್ನೊಂದು ವಾರ ಬಿಡಬಹುದಿತ್ತು" ಎಂದರು. "ಹೊರಗೆ ಬಂದು ಆಕಾಶ ನೋಡಿ" ಎಂದೆ. ಒಂದು ತುಣುಕು ಮೋಡವಿರಲಿಲ್ಲ, ಎಲೆ ಅಲುಗುವಷ್ಟು ಗಾಳಿಯೂ ಇರಲಿಲ್ಲ. ವರದಿಯಲ್ಲಿ ಹೇಳುವ ಉಷ್ಣಾಂಶ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದ ಗಾಳಿಯದು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವೂ ಎಲೆಗಳೂ ತಮ್ಮ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಡುತ್ತಿರುತ್ತವೆ. ಅದನ್ನು ಹಿಂದಿರುಗಿಸಲು ಮೋಡವಾಗಲಿ, ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಗಿನದರೊಡನೆ ಬೆರೆಸಲು ಬೀಸುಗಾಳಿಯಾಗಲಿ ಇಲ್ಲದಿರುವುದರಿಂದ, ಎಲೆಯ ಮೇಲ್ಮೈ ವರದಿಯ ಅಂಕಿಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿಳಿಯುವುದು ಅಪರೂಪವೇನಲ್ಲ. ಅದರ ಮೇಲೆ ತಣ್ಣನೆಯ ಗಾಳಿ ಭಾರವಾದುದರಿಂದ ಇಳಿಜಾರಿನಲ್ಲಿ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಕುಂಬಳದ ಪಾತಿ ಇರುವುದು ತೋಟದ ತೀರ ತಗ್ಗಿನಲ್ಲಿ.

ಮುಂದಿನ ಕೆಲಸವೆಂದರೆ ಯಾವುದನ್ನು ಒಳಗೆ ತರಬೇಕು, ಯಾವುದಕ್ಕೆ ಹೊದಿಸಬೇಕು, ಯಾವುದನ್ನು ಹಾಗೆಯೇ ಚಳಿಗೆ ಬಿಟ್ಟುಬಿಡಬೇಕು ಎಂದು ತೀರ್ಮಾನಿಸುವುದು. ಹೊಸದಾಗಿ ತೋಟ ಮಾಡುವವರು ಎಲ್ಲವನ್ನೂ ಉಳಿಸಲು ಹೊರಟು ಕತ್ತಲಾಗುವ ಹೊತ್ತಿಗೆ ಸೋತು ಕೂರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬಿಟ್ಟುಬಿಡಬೇಕಾದುದರ ಪಟ್ಟಿಯನ್ನೇ ಮೊದಲು ಮಾಡಿಕೊಳ್ಳುವುದು ಲೇಸು. ಎಲೆಕೋಸಿನ ಜಾತಿಯ ಕೇಲ್ ಸೊಪ್ಪು, ಬಿಳಿಯ ಕ್ಯಾರೆಟ್‌ನಂತೆ ಕಾಣುವ ಪಾರ್ಸ್‌ನಿಪ್ ಗೆಡ್ಡೆ, ನೆಲದೊಳಗಿನ ಕ್ಯಾರೆಟ್, ಇವುಗಳ ತಂಟೆಗೆ ಹೋಗಲೇಬಾರದು. ಚಳಿ ತಾಗಿದಾಗ ಇವು ತಮ್ಮಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತವೆ, ಸಕ್ಕರೆ ಕರಗಿದ ಜೀವಕೋಶದ ನೀರು ಸೊನ್ನೆಗಿಂತ ಕೆಳಗಿಳಿದರೂ ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಗಿಡ ತನ್ನ ರಕ್ಷಣೆಗಾಗಿ ಮಾಡಿಕೊಳ್ಳುವ ಈ ಏರ್ಪಾಡೇ ನಮ್ಮ ನಾಲಿಗೆಗೆ ಸಿಹಿಯಾಗಿ ಸಿಗುತ್ತದೆ. ಇನ್ನು ಬೀನ್ಸ್ ಹೇಗೂ ಮುಗಿಯುತ್ತ ಬಂದಿತ್ತು, ಅದನ್ನು ಉಳಿಸುವ ಶ್ರಮ ಬೇಡವೆನ್ನಿಸಿತು. ಕಾಮಕಸ್ತೂರಿಯದು ಬೇರೆಯೇ ಮಾತು. ಅದಕ್ಕೆ ಫ್ರಾಸ್ಟ್ ಬೀಳಬೇಕಾಗಿಯೂ ಇಲ್ಲ, ಬರಿಯ ಚಳಿಗೇ ಎಲೆ ಕಪ್ಪಿಡುತ್ತದೆ. ಅದನ್ನು ಬುಡಸಮೇತ ಕೊಯ್ದು ಮೊದಲು ಒಳಗೆ ಕಳಿಸಿದೆ.

ಹೆಚ್ಚು ಹೊತ್ತು ಹಿಡಿದದ್ದು ಟೊಮೆಟೊ. ಕೆಂಪಾದವು, ಬಣ್ಣ ತಿರುಗಿದವು ಸರಿ. ಆದರೆ ಗಿಡಗಳ ತುಂಬ ಇದ್ದವು ಹಸಿರು ಕಾಯಿಗಳು, ಅವುಗಳಲ್ಲಿ ಮನೆಯೊಳಗೆ ಹಣ್ಣಾಗುವವು ಯಾವುವು, ಎಂದೂ ಹಣ್ಣಾಗದವು ಯಾವುವು ಎಂದು ಬೇರ್ಪಡಿಸಬೇಕಿತ್ತು. ಇದಕ್ಕೊಂದು ಪರೀಕ್ಷೆಯಿದೆ. ಒಂದೇ ಗಾತ್ರದ ಕಾಯಿಗಳಲ್ಲಿ ಒಂದನ್ನು ಅಡ್ಡಲಾಗಿ ಹೆಚ್ಚಿ ನೋಡಬೇಕು. ಒಳಗಿನ ಲೋಳೆ ತುಂಬಿಕೊಂಡು, ಬೀಜಗಳು ಚಾಕುವಿನ ಬಾಯಿಗೆ ಸಿಗದೆ ಪಕ್ಕಕ್ಕೆ ಜಾರಿಕೊಂಡರೆ ಕಾಯಿ ಬಲಿತಿದೆ, ಅಂಥದು ಕಿತ್ತ ಮೇಲೂ ಹಣ್ಣಾಗುತ್ತದೆ. ಬೀಜಗಳೂ ಕಾಯಿಯೊಡನೆ ಕಚಕ್ಕನೆ ತುಂಡಾದರೆ ಅದು ಎಳೆಯದು, ಎಷ್ಟು ದಿನ ಇಟ್ಟರೂ ಸುಕ್ಕುಗಟ್ಟುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಒಂದೊಂದು ಗಿಡದಿಂದ ಒಂದೊಂದು ಕಾಯಿಯನ್ನು ಬಲಿಕೊಟ್ಟು ನೋಡಿದ ಮೇಲೆ ಕಣ್ಣಿಗೇ ಗುರುತು ಹತ್ತಿತು: ಬಲಿತ ಕಾಯಿಯ ಹಸಿರು ತುಸು ಬಿಳಿಚಿಕೊಂಡು ನುಣುಪಾಗಿ ಹೊಳೆಯುತ್ತಿತ್ತು, ಎಳೆಯದು ಗಾಢ ಹಸಿರಾಗಿ ಮಂಕಾಗಿತ್ತು. ಬಲಿತವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಒತ್ತದಂತೆ ಹರಡಿ, 18ರಿಂದ 20 ಡಿಗ್ರಿ ಇರುವ ಕೋಣೆಯಲ್ಲಿಟ್ಟೆವು. ಕಿಟಕಿಯ ಬಿಸಿಲಿನಲ್ಲಿ ಇಡಬೇಕೆಂದು ಹಲವರು ಹೇಳುತ್ತಾರೆ, ಆದರೆ ಕಾಯಿ ಹಣ್ಣಾಗಲು ಬೆಳಕಿನ ಅಗತ್ಯವಿಲ್ಲ. ಬೇಕಾದುದು ಹದವಾದ ಬೆಚ್ಚಗೆ ಮತ್ತು ಹಣ್ಣೇ ಹೊರಬಿಡುವ ಎಥಿಲೀನ್ ಅನಿಲ. ಫ್ರಿಜ್‌ನಲ್ಲಂತೂ ಇಡಲೇಬಾರದು, ಆ ಚಳಿಯಲ್ಲಿ ಹಣ್ಣಾಗುವ ಕ್ರಿಯೆಯೇ ನಿಂತು ರುಚಿ ಕೆಡುತ್ತದೆ.

ಕುಂಬಳಕ್ಕೆ ಉಗುರಿನ ಪರೀಕ್ಷೆ ಸಾಕು. ಸಿಪ್ಪೆಗೆ ಉಗುರು ಇಳಿಯದ ಕಾಯಿಗಳನ್ನು ನಾಲ್ಕು ಬೆರಳಗಲದಷ್ಟಾದರೂ ತೊಟ್ಟು ಉಳಿಯುವಂತೆ ಕತ್ತರಿಸಿ ಒಳಗೆ ಸಾಗಿಸಿದೆವು. ಅವನ್ನು ತೊಟ್ಟು ಹಿಡಿದು ಎತ್ತಬಾರದು, ತೊಟ್ಟು ಮುರಿದಲ್ಲಿಂದಲೇ ಕೊಳೆ ಶುರುವಾಗುತ್ತದೆ.

ಹೊದಿಸುವ ಸರದಿ ಬಂದುದು ಮೆಣಸಿನಗಿಡಗಳಿಗೆ ಮತ್ತು ಎಳೆಯ ಸೊಪ್ಪಿನ ಮಡಿಗಳಿಗೆ. ಮಧ್ಯಾಹ್ನವೇ ಆ ಪಾತಿಗಳಿಗೆ ಚೆನ್ನಾಗಿ ನೀರು ಹಾಯಿಸಿದ್ದೆ, ಏಕೆಂದರೆ ಒಣಮಣ್ಣಿಗಿಂತ ಹಸಿಮಣ್ಣು ಹಗಲಿನ ಶಾಖವನ್ನು ಹೆಚ್ಚು ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ಹೊದಿಕೆಯ ಕೆಲಸ ಆ ಶಾಖವನ್ನು ಹೊರಗೆ ಹೋಗದಂತೆ ತಡೆಯುವುದು. ಹೀಗಾಗಿ ಬಟ್ಟೆ ಎಲ್ಲ ಕಡೆಯೂ ನೆಲ ಮುಟ್ಟಬೇಕು. ಗಿಡದ ತಲೆಗೆ ಬಟ್ಟೆ ಸುತ್ತಿ ಕಾಂಡಕ್ಕೆ ದಾರ ಕಟ್ಟಿದರೆ ನೆಲದ ಶಾಖ ಒಳಗೆ ಸೇರುವ ದಾರಿಯನ್ನೇ ಮುಚ್ಚಿದಂತಾಗುತ್ತದೆ. ಕೋಲುಗಳನ್ನು ನೆಟ್ಟು, ಎಲೆಗೆ ತಾಗದಂತೆ ಹಳೆಯ ಬೆಡ್‌ಶೀಟುಗಳನ್ನು ಹರಡಿ, ಅಂಚಿಗೆ ಕಲ್ಲು ಹೇರಿದೆವು. ಇಷ್ಟು ಹೊತ್ತಿಗೆ ಉಸಿರು ಹೊಗೆಯಾಗಿ ಕಾಣತೊಡಗಿತ್ತು, ಬೆರಳುಗಳು ಕತ್ತರಿಯ ಹಿಡಿಗೆ ಅಂಟಿಕೊಂಡಂತಾಗಿದ್ದವು.

ಮರುದಿನ ಸೂರ್ಯ ಹುಟ್ಟುವ ಮೊದಲು ಹೋಗಿ ನೋಡಿದೆ. ಜಗುಲಿಯ ಕಂಬಕ್ಕೆ ಕಟ್ಟಿದ ಥರ್ಮಾಮೀಟರ್ 2 ಡಿಗ್ರಿ ತೋರಿಸುತ್ತಿತ್ತು; ತಗ್ಗಿನ ಪಾತಿಯಲ್ಲಿ ನೆಲದ ಮೇಲಿಟ್ಟದ್ದು ಸೊನ್ನೆಗಿಂತ 2 ಡಿಗ್ರಿ ಕೆಳಗಿತ್ತು. ಕೇಲ್ ಎಲೆಯ ಸುರುಳಿ ಅಂಚಿನುದ್ದಕ್ಕೂ ಬಿಳಿಯ ಸೂಜಿಗಳು ಸಾಲಾಗಿ ಎದ್ದು ನಿಂತಿದ್ದವು, ನರಗಳ ಮೇಲೆ ದಟ್ಟವಾಗಿ, ನಡುವೆ ವಿರಳವಾಗಿ. ಇಡೀ ಎಲೆ ಗಾಜಿನ ಹಾಗೆ ಬಿರುಸಾಗಿತ್ತು. ಅಂಥ ಸ್ಥಿತಿಯಲ್ಲಿ ಅದನ್ನು ಕೀಳಬಾರದು. ಬಿಸಿಲೇರಿ ಕರಗಿದ ಮೇಲೆ ತಾನೇ ಮೊದಲಿನಂತಾಗುತ್ತದೆ. ವಿಚಿತ್ರವೆಂದರೆ ಕುಂಬಳದ ಎಲೆಗಳೂ ಆ ಹೊತ್ತಿಗೆ ಅಷ್ಟೇ ಸೆಟೆದು ನಿಂತಿದ್ದವು, ಏನೂ ಆಗಿಲ್ಲವೇನೋ ಎನ್ನುವಂತೆ. ಬಿಸಿಲು ತಾಗಿದ ಅರ್ಧ ಗಂಟೆಯೊಳಗೆ ಅವು ನೀರಿನಲ್ಲಿ ಅದ್ದಿದ ಕಾಗದದ ಬಣ್ಣಕ್ಕೆ ತಿರುಗಿ, ದಂಟುಸಮೇತ ಕುಸಿದವು. ಎಲೆಯೊಳಗೆ ಜೀವಕೋಶಗಳ ನಡುವಿನ ಜಾಗದಲ್ಲಿ ಕಟ್ಟುವ ಮಂಜುಗಡ್ಡೆ ಕೋಶಗಳ ನೀರನ್ನೆಲ್ಲ ಎಳೆದುಕೊಂಡು ಅವುಗಳ ಪೊರೆಯನ್ನು ಹಾಳುಗೆಡವಿರುತ್ತದೆ. ಹಾನಿ ರಾತ್ರಿಯೇ ಆಗಿದ್ದರೂ ಮಂಜು ಕರಗಿ ನೀರು ಸೋರುವವರೆಗೆ ಅದು ಕಣ್ಣಿಗೆ ಬೀಳುವುದಿಲ್ಲ. ಬೆಡ್‌ಶೀಟಿನ ಕೆಳಗಿದ್ದ ಮೆಣಸಿನಗಿಡಗಳು ಚೆನ್ನಾಗಿದ್ದವು, ಬಟ್ಟೆಗೆ ತಗುಲಿದ್ದ ಕೆಲವು ತುದಿ ಎಲೆಗಳು ಮಾತ್ರ ಸೀದಿದ್ದವು.

ಹೀಗೊಂದು ರಾತ್ರಿ ಬಿದ್ದ ಮೇಲೆ ಚಳಿ ಎಷ್ಟೋ ಸಲ ಹಿಂದೆ ಸರಿಯುತ್ತದೆ. ನಮಗೂ ಎರಡು ವಾರದ ಬೆಚ್ಚನೆಯ ಹಗಲುಗಳು ಸಿಕ್ಕವು, ಹೊದಿಸಿ ಉಳಿಸಿದ ಮೆಣಸಿನಗಿಡಗಳು ಅಷ್ಟರಲ್ಲಿ ಕಾಯಿಗಳನ್ನು ಕೆಂಪು ಮಾಡಿದವು. ಕಪ್ಪಾದ ಡೇಲಿಯಾ ಗಿಡಗಳನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಗೆಡ್ಡೆಗಳನ್ನು ಅಗೆದು, ಸ್ವಲ್ಪವೇ ತೇವವಿರುವ ಮರದ ಹೊಟ್ಟಿನಲ್ಲಿ ಹೂತು ನೆಲಮಾಳಿಗೆಗೆ ಸೇರಿಸಿದೆ. ತೆರವಾದ ಟೊಮೆಟೊ ಪಾತಿಗೆ ಕಾಂಪೋಸ್ಟ್ ಬೆರೆಸಿ ಬೆಳ್ಳುಳ್ಳಿ ನಾಟಿದೆವು, ಚೂಪಾದ ತುದಿ ಮೇಲಾಗಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ. ನೆಲ ಗಟ್ಟಿಯಾಗುವುದಕ್ಕೆ ಕೆಲವು ವಾರ ಮೊದಲು ನಾಟಿದರೆ ಬೇರಿಳಿಯಲು ಸಮಯ ಸಿಗುತ್ತದೆ, ಚಿಗುರು ಮೇಲೇಳುವಷ್ಟು ಸಮಯ ಸಿಗುವುದಿಲ್ಲ. ಬೆಳ್ಳುಳ್ಳಿಗೆ ಈ ಚಳಿಗಾಲ ಬೇಕೇ ಬೇಕು. ಸಾಕಷ್ಟು ಚಳಿ ಸಿಗದ ಎಸಳು ಮರುವರ್ಷ ಎಸಳುಗಳಾಗಿ ಒಡೆಯದೆ ಒಂಟಿ ಉಂಡೆಯಾಗಿ ಉಳಿದುಬಿಡಬಹುದು.

ಮೇಲೆ ಹಾಸುವ ಒಣಹುಲ್ಲನ್ನು ಮಾತ್ರ ಅಂದೇ ಹಾಕಲಿಲ್ಲ, ನೆಲದ ಮೇಲ್ಪದರ ಹೆಪ್ಪುಗಟ್ಟುವವರೆಗೆ ಕಾದೆ. ಆ ಹುಲ್ಲು ಮಣ್ಣನ್ನು ಬೆಚ್ಚಗಿಡಲು ಅಲ್ಲ. ಚಳಿಗಾಲದ ನಡುವೆ ಆಗಾಗ ಬಿಸಿಲು ಬಿದ್ದು ಮಣ್ಣು ಕರಗಿ, ಮತ್ತೆ ರಾತ್ರಿ ಹೆಪ್ಪುಗಟ್ಟಿ ಉಬ್ಬುವಾಗ ನೆಟ್ಟ ಎಸಳುಗಳು ಮೇಲಕ್ಕೆ ತಳ್ಳಲ್ಪಡುತ್ತವೆ, ಬೇರು ಹರಿಯುತ್ತವೆ. ಹೆಪ್ಪುಗಟ್ಟಿದ ನೆಲ ವಸಂತದವರೆಗೆ ಹೆಪ್ಪುಗಟ್ಟಿಯೇ ಇರಲಿ ಎಂದು ಹುಲ್ಲು ಹಾಸುವುದು. ಅವಸರಪಟ್ಟು ಮೊದಲೇ ಹಾಸಿದರೆ ಬೆಚ್ಚನೆಯ ಜಾಗ ಹುಡುಕುತ್ತಿರುವ ಇಲಿಗಳು ಅದರಡಿ ಮನೆ ಮಾಡಿಕೊಳ್ಳುತ್ತವೆ. ಹಿಮ ಬೀಳತೊಡಗಿದ ಮೇಲೆ ನೆಲ ನಡುವೆ ಕರಗೀತೆಂಬ ಚಿಂತೆಯೂ ಅಷ್ಟಿಲ್ಲ; ಹೊಸ ಹಿಮದ ಬಹುಪಾಲು ಗಾಳಿಯೇ ಆದುದರಿಂದ, ಒಂದಡಿ ಹಿಮ ಕೂತರೆ ನಾವು ಹಾಸಿದ ಹುಲ್ಲಿಗಿಂತ ಒಳ್ಳೆಯ ಹೊದಿಕೆಯಾಗುತ್ತದೆ.