ಮನೆಯಿಂದ ಹೊಲ ಎಷ್ಟು ದೂರ?

ಚಳಿಗಾಲದಲ್ಲಿ ಇಲ್ಲಿ ವಾಲ್ ನದಿ ತುಂಬಿ ಬಂದಾಗ ಕಾಕಾಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ನಾನಿರುವುದು ನೆದರ್ಲೆಂಡ್ಸಿನ ನೈಮೇಗನ್ ಊರಿನಲ್ಲಿ. ರೈನ್ ನದಿ ಈ ದೇಶದೊಳಗೆ ಬಂದು ಕವಲೊಡೆಯುತ್ತದೆ, ಅದರ ದೊಡ್ಡ ಕವಲೇ ವಾಲ್. ಕಾಕಾ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ ಕೇಳಿದ: "ದನಾ ಎಲ್ಲಿ ಕಟ್ಯಾರಪಾ?"

ನಮ್ಮದು ಗದಗ ಜಿಲ್ಲೆ, ರೋಣ ತಾಲೂಕು, ಮಲಪ್ರಭೆ ದಂಡೆಯ ಹಳ್ಳಿ. 2009ರಲ್ಲಿ ಹೊಳಿ ಬಂದ ರಾತ್ರಿ ಕಾಕಾ ಕುಡುಗೋಲಿನಿಂದ ಎತ್ತುಗಳ ಹಗ್ಗ ಕೊಯ್ದು ಬಿಟ್ಟಿದ್ದ. ಕಿತ್ತು ಒಟ್ಟಿದ್ದ ಉಳ್ಳಾಗಡ್ಡಿ ತೇಲಿ ಹೋಯಿತು. ಜಂತಿ ಮನೆಯ ಮಣ್ಣಿನ ಗೋಡೆ ಕರಗಿ ಮಾಳಿಗೆ ಕೂತಲ್ಲೇ ಕುಸಿಯಿತು. ಆಮೇಲೆ ಎತ್ತರದಲ್ಲಿ ಹೊಸ ಮನೆ ಕೊಟ್ಟರು. ದನ ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಜಾಗವಿಲ್ಲ, ಹೊಲ ಮೂರು ಕಿಲೋಮೀಟರ್ ಆಚೆ. ಎರಡು ವರ್ಷಕ್ಕೆ ಕಾಕಾ ಹಳೇ ಊರಿಗೇ ಮರಳಿದ. 2019ರ ಆಗಸ್ಟಿನಲ್ಲಿ ನೀರು ಮತ್ತೆ ಹೊಸ್ತಿಲು ದಾಟಿತು. "ಕೊಟ್ಟ ಮನಿ ಬಿಟ್ಟು ಬಂದು ಮುಳುಗ್ತಾರ ನೋಡ್ರಿ" ಎಂದು ಆಗ ಅಂದವರ ಮಾತು ನನಗೆ ಇಂದಿಗೂ ಚುಚ್ಚುತ್ತದೆ.

ಈ ದೇಶವೂ ನೀರಿನಿಂದ ಪೆಟ್ಟು ತಿಂದದ್ದೇ. 1953ರ ಬಿರುಗಾಳಿಯ ರಾತ್ರಿ ಸಮುದ್ರ ಒಡ್ಡು ಒಡೆದು ನುಗ್ಗಿ 1,836 ಜನ ಸತ್ತರು. ಆಮೇಲೆ ಸಮುದ್ರದ ಬಾಯಿಗೆ ಕಟ್ಟೆ, ಗೇಟು ಕಟ್ಟಿದರು. ರೋಟರ್‌ಡ್ಯಾಮ್ ಹತ್ತಿರದ ಮಾಸ್ಲಾಂಟ್ ಗೇಟಿನ ಒಂದೊಂದು ಬಾಗಿಲೂ 210 ಮೀಟರ್ ಉದ್ದ. ಆದರೆ ಬಾಗಿಲು ಹಾಕಿದರೆ ಹಿಂದಿನಿಂದ ಬರುವ ಹೊಳೆ ಎಲ್ಲಿಗೆ ಹೋಗಬೇಕು? ಸಮುದ್ರ ಏರುತ್ತಿದೆ. ಆಲ್ಪ್ಸ್ ಬೆಟ್ಟದಲ್ಲಿ ಹಿಮವಾಗಿ ಕೂಡುತ್ತಿದ್ದದ್ದು ಈಗ ಚಳಿಗಾಲದಲ್ಲೇ ಮಳೆಯಾಗಿ ಇಳಿದು ಬರುತ್ತಿದೆ. ನದೀಮುಖದ ನಾಡಿಗೆ ಎರಡೂ ಕಡೆಯಿಂದ ಒತ್ತಡ. ಬೇಸಿಗೆಯಲ್ಲಿ ನೀರಿಲ್ಲದ್ದೂ ಅಪಾಯವೇ: 2003ರಲ್ಲಿ ವಿಲ್ನಿಸ್ ಎಂಬಲ್ಲಿ ಒಣಗಿ ಹಗುರಾದ ಜೌಗುಮಣ್ಣಿನ ಒಡ್ಡು ಕಾಲುವೆಯ ನೀರಿನ ಒತ್ತಡಕ್ಕೆ ಸರಿದುಹೋಯಿತು.

1995ರಲ್ಲಿ ಹೊಳೆಗಳು ತುಂಬಿ ಬಂದಾಗ ಒಡ್ಡು ತಡೆಯುವುದೋ ಇಲ್ಲವೋ ಎಂದು ಸುಮಾರು ಎರಡೂವರೆ ಲಕ್ಷ ಜನರನ್ನು ಊರು ಬಿಡಿಸಿದರು. ಒಡ್ಡು ತಡೆಯಿತು. ಆದರೂ ಇನ್ನು ಬರೇ ಎತ್ತರಿಸುತ್ತ ಹೋದರೆ ಆಗದು, ಹೊಳೆಗೆ ಜಾಗ ಬಿಡಬೇಕು ಎಂಬ ವಿಚಾರ ಗಟ್ಟಿಯಾಯಿತು. ನಮ್ಮ ನೈಮೇಗನ್ ಎದುರಿನ ದಂಡೆಯಲ್ಲಿ ಒಡ್ಡನ್ನೇ 350 ಮೀಟರ್ ಹಿಂದೆ ಸರಿಸಿ, ಹೊಳೆಗೆ ಎರಡನೇ ಪಾತ್ರ ತೋಡಿದರು. ಅದಕ್ಕೆ ಸುಮಾರು ಐವತ್ತು ಮನೆ ಹೋದವು. ಪರಿಚಯದ ಅಜ್ಜಿಯೊಬ್ಬರು ಸೇತುವೆ ಮೇಲೆ ನಿಂತು ನೀರಿನತ್ತ ಬೆರಳು ಮಾಡಿ, ಅಲ್ಲೇ ನನ್ನ ಅಡುಗೆಮನೆ ಇತ್ತು ಎಂದರು. ಪರಿಹಾರ ಸಿಕ್ಕಿತ್ತು. ದುಃಖವೂ ಉಳಿದಿತ್ತು.

ನನಗೆ ಹೆಚ್ಚು ಹಿಡಿಸಿದ್ದು ಓವರ್‌ಡೀಪ್ಸೆ ಎಂಬ ಕಡೆಯ ರೈತರ ಕೆಲಸ. ದೊಡ್ಡ ನೆರೆ ಬಂದರೆ ನಿಮ್ಮ ಹೊಲಗಳ ಮೇಲೆ ನೀರು ಬಿಡಬೇಕಾಗುತ್ತದೆ ಎಂದಾಗ ಅವರೇ ಕೂತು ಯೋಜನೆ ಮಾಡಿದರು: ನಮಗೆ ಎತ್ತರದ ಮಣ್ಣಿನ ದಿಬ್ಬ ಹಾಕಿಕೊಡಿ, ಮನೆ ಮತ್ತು ಕೊಟ್ಟಿಗೆ ಅದರ ಮೇಲೆ ಇರಲಿ, ಹೊಲ ಬೇಕಾದರೆ ಮುಳುಗಲಿ. ಸರ್ಕಾರ ಒಪ್ಪಿತು. ಎಲ್ಲರಿಗೂ ಅಲ್ಲಿ ಜಾಗ ಸಾಲಲಿಲ್ಲ, ಕೆಲವರು ಬಿಟ್ಟು ಹೋದರು. ಉಳಿದವರ ಎಂಟು ಮನೆ ದಿಬ್ಬ ಏರಿದವು, ದನಗಳ ಸಮೇತ.

ಇಲ್ಲಿ ಒಡ್ಡು, ಕಾಲುವೆ ನೋಡಿಕೊಳ್ಳಲು ನೀರಿನ ಮಂಡಳಿಗಳಿವೆ, ಕೆಲವು 13ನೇ ಶತಮಾನದಿಂದ. ಅವುಗಳಿಗೆ ಪ್ರತಿ ವರ್ಷ ತೆರಿಗೆ ಕಟ್ಟುತ್ತೇವೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ನಾನು ಈ ದೇಶದ ಪ್ರಜೆಯಲ್ಲ, ಆದರೂ 2023ರಲ್ಲಿ ಅದರ ಮತಪತ್ರ ನನ್ನ ಕೈಗೆ ಬಂತು. ನನ್ನ ಹೊಳೆಯ ಬಗ್ಗೆ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು, ಅದೂ ಪರದೇಶದಲ್ಲಿ.

ಮಲಪ್ರಭೆ ರೈನ್ ಅಲ್ಲ, ಗೊತ್ತು. ನವಿಲುತೀರ್ಥ ಅಣೆಕಟ್ಟಿನ ಕೆಳಗೆ ಹೊಳೆ ವರ್ಷಗಟ್ಟಲೆ ಬತ್ತಿದ್ದಾಗ ನಮ್ಮವರೇ ಪಾತ್ರದೊಳಗೆ ಬಿತ್ತಿದರು. ಅದನ್ನು ಬಿಡಿಸದೆ ನೀರಿಗೆ ದಾರಿಯಿಲ್ಲ. ಆದರೆ ದಿಬ್ಬದ ಮಾತು ಕೇಳಿ ಕಾಕಾ ಮೊಬೈಲಿಗೆ ಮುಖ ಹತ್ತಿರ ತಂದ.

"ಮನಿಯಿಂದ ಹೊಲಾ ಎಷ್ಟು ದೂರ?"

"ದಿಬ್ಬ ಇಳದ್ರ ಹೊಲಾನ, ಕಾಕಾ."

"ನಮ್ಮಲ್ಲೂ ಹನಮಪ್ಪನ ಗುಡಿ ಹಿಂದ ಅಂಥಾದೊಂದು ದಿನ್ನಿ ಐತಿ. ಎರಡೂ ಸಲ ಅಲ್ಲಿಗೆ ನೀರು ಹತ್ತಿಲ್ಲ. ಮನಿ ಎಲ್ಲಿ ಬೇಕು ಅಂತ ಕೇಳಿದ್ರ ಅದನ್ನ ತೋರಸ್ತಿದ್ದೆ."

ಈ ಮಳೆಗಾಲದಲ್ಲೂ ಅವನು ಎತ್ತುಗಳಿಗೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ ಮಲಗುತ್ತಾನೆ.