ಅಂಗಿ ಬಾಲಿಯದು, ಮೈ ಜಾವಾದ್ದು

ಜಕಾರ್ತದ ಜಾಲಾನ್ ಸುರಬಾಯಾದಲ್ಲಿ ಹಳೇ ಸಾಮಾನಿನ ಅಂಗಡಿಗಳದ್ದೇ ಒಂದು ಸಾಲು. ಹೋದ ಭಾನುವಾರ ಅಲ್ಲಿಂದ ಒಂದು ಕೆರಿಸ್, ಅಂದರೆ ಈ ಕಡೆಯ ಕಠಾರಿ, ಹೊತ್ತು ತಂದೆ. ಹಿಡಿಯ ಮೇಲೆ ಕೋರೆಹಲ್ಲಿನ ರಾಕ್ಷಸ ಕೂತಿದ್ದಾನೆ, ಒರೆಗೆ ಕೆಂಪು ಬಣ್ಣ, ಚಿನ್ನದ ಬಳ್ಳಿ. ‘ಬಾಲಿ ಅಸ್ಲಿ’ ಅಂದ ಅಂಗಡಿಯವ. ಅಸ್ಲಿ ಅಂದರೆ ನಮ್ಮ ಅಸಲಿಯೇ, ನಂಬಿಬಿಟ್ಟೆ.

ಆಫೀಸಿನಲ್ಲಿ ಸ್ಟೋರ್ ನೋಡಿಕೊಳ್ಳುವ ಹಿರಿಯರೊಬ್ಬರು ಜಾವಾದ ಸೋಲೋ ಊರಿನ ಕಡೆಯವರು. ಸೋಮವಾರ ಅವರ ಮುಂದಿಟ್ಟೆ. ಅವರು ಹೊರಗೆಳೆದು, ಅಲಗನ್ನು ಹಣೆಗೆ ಮುಟ್ಟಿಸಿ, ಮೊದಲು ಕೇಳಿದ್ದು, “ಮಹರ್ ಎಷ್ಟು ಕೊಟ್ಟಿರಿ ಮಾಸ್?” ಕೆರಿಸ್‌ಗೆ ಬೆಲೆ ಅನ್ನುವುದಿಲ್ಲ, ಮದುವೆಯ ಮಹರ್ ಅನ್ನುತ್ತಾರೆ. ನಮ್ಮಲ್ಲಿ ಹಿಂದೆ ಹೆಣ್ಣಿಗೆ ತೆರ ಕೊಡುತ್ತಿದ್ದರಲ್ಲ, ಹಾಗೆ. ನಾನು ಹೇಳಿದ ಮೊತ್ತ ಕೇಳಿ ಅವರು ಸುಮ್ಮನಾದರು.

ಆಮೇಲೆ ಒರೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಅಲಗು ಕಟಕಟ ಅಂತು. “ಅಂಗಿ ದೊಡ್ಡದು” ಅಂದರು, ಒರೆಗೆ. ಅಲಗಿನ ಬುಡದಲ್ಲಿ ಅಡ್ಡಕ್ಕೆ ಕೂರಿಸಿದ ಕಬ್ಬಿಣದ ಪಟ್ಟಿಯೊಂದಿರುತ್ತದೆ, ಸಾಮಾನ್ಯವಾಗಿ ಬೇರೆಯದೇ ತುಂಡು. ಅದು ಒರೆಯ ಬಾಯಿಗೆ ಸರಿಯಾಗಿ ಕೂರಬೇಕು. ನನ್ನದರಲ್ಲಿ ಬೆರಳಿನ ಉಗುರು ತೂರುವಷ್ಟು ಸಂದು. (ಆ ಪಟ್ಟಿಗೆ ಗೊಂಜೊ ಅನ್ನುತ್ತಾರೆ, ಗಾಂಜಾ ಅಂತಲೂ ಬರೆಯುತ್ತಾರೆ. ಊರಿಗೆ ಫೋನ್ ಮಾಡಿದಾಗ ಈ ಶಬ್ದ ಬಳಸಬೇಡಿ.) ಹಿಡಿಯನ್ನೂ ತಿರುಚಿ ಎಳೆದು ತೆಗೆದೇಬಿಟ್ಟರು. ಅಲಗಿನ ಬಾಲಕ್ಕೆ ಬಟ್ಟೆ ಸುತ್ತಿ ಹಿಡಿಯೊಳಗೆ ಒತ್ತಿರುತ್ತಾರೆ ಅಷ್ಟೇ. ಹೀಗಾಗಿ ಹಿಡಿ, ಒರೆ ಎರಡೂ ಬದಲಾಗುತ್ತಲೇ ಇರುತ್ತವೆ. ಅವುಗಳನ್ನು ನೋಡಿ ಊರು ಹೇಳುವುದು, ಟೋಪಿ ನೋಡಿ ಜಾತಕ ಬರೆದ ಹಾಗೆ.

ಮತ್ತೆ ಏನು ನೋಡಬೇಕು? ಅವರು ನನ್ನ ಹೆಬ್ಬೆರಳು ಹಿಡಿದು ಅಲಗಿನ ಮೇಲೆ ಎಳೆಸಿದರು. ತರಿತರಿ. ಜಾವಾದಲ್ಲಿ ಸುರೋ ತಿಂಗಳಲ್ಲಿ ಕೆರಿಸ್ ತೊಳೆಯುತ್ತಾರೆ. ನಿಂಬೆರಸದಲ್ಲಿ ತಿಕ್ಕಿ, ಪಾಷಾಣ ಸವರುತ್ತಾರೆ. ಕಬ್ಬಿಣ ಕಪ್ಪಾಗುತ್ತದೆ, ಅದರೊಳಗೆ ಬಡಿದು ಸೇರಿಸಿದ ನಿಕಲ್ ಬೆಳ್ಳಗೆ ಉಳಿಯುತ್ತದೆ. ಆ ಚಿತ್ತಾರವೇ ಪಾಮೋರ್. ಹುಳಿ ವರ್ಷ ವರ್ಷ ತಿಂದು ತಿಂದು ಮೈಯೆಲ್ಲ ಒರಟು. ಬಾಲಿಯವರು ಅಲಗನ್ನು ನುಣ್ಣಗೆ ಉಜ್ಜಿ ಹೊಳಪು ಕೊಡುತ್ತಾರೆ, ಅಳತೆಯೂ ತೂಕವೂ ಜಾಸ್ತಿ. ನನ್ನದು ಹಗುರ, ತೆಳು, ಒರಟು. ಅಲಗಿನ ಬಳುಕು ಎಣಿಸಿದೆವು: 9. ಯಾವಾಗಲೂ ಬೆಸ ಸಂಖ್ಯೆಯೇ. 8 ಬಂದರೆ ಮತ್ತೊಮ್ಮೆ ಎಣಿಸು, ಮತ್ತೂ 8 ಬಂದರೆ ವಾಪಸ್ ಕೊಡು ಅಂದರು.

ಉಳಿದ ದ್ವೀಪಗಳ ಆಯುಧಗಳು ಇಷ್ಟು ಸತಾಯಿಸುವುದಿಲ್ಲ. ಕಾಲಿಮಂತಾನಿನ ದಯಾಕ್ ಜನರ ಮಾಂಡೌ ಕತ್ತಿಯಲ್ಲಿ ಅಲಗಿನ ಒಂದು ಮಗ್ಗುಲು ಉಬ್ಬು, ಇನ್ನೊಂದು ತಗ್ಗು. ಸುಮಾತ್ರಾದ ಅಚೆ ಪ್ರಾಂತ್ಯದ ರೆಂಚೊಂಗ್ ಬಾಕುವಿನ ಹಿಡಿ ಗಕ್ಕನೆ ಮಡಚಿದಂತೆ ಬಾಗಿರುತ್ತದೆ. ದೂರದಿಂದಲೇ ಹೇಳಬಹುದು.

ಕೆರಿಸ್ ವಿಷಯದಲ್ಲಿ ಮಾತ್ರ ಬಲ್ಲವರೂ ಜಗಳಾಡುತ್ತಾರೆ. ಡಚ್ಚರ ವಿರುದ್ಧ 1825ರಿಂದ 1830ರವರೆಗೆ ಯುದ್ಧ ಮಾಡಿದ ರಾಜಕುಮಾರ ದಿಪೊನೆಗೊರೊನ ಕೆರಿಸ್ 2020ರ ಮಾರ್ಚಿನಲ್ಲಿ ನೆದರ್ಲೆಂಡ್ಸ್‌ನಿಂದ ವಾಪಸ್ ಬಂತು. ಹೆಸರು ನಾಗ ಸಿಲುಮಾನ್. ಅಲ್ಲಿನ ಲೈಡನ್ ಮ್ಯೂಸಿಯಂ ಸಂಗ್ರಹದಲ್ಲಿ ಯಾವುದು ಅವನದು ಅಂತ ಪತ್ತೆ ಹಚ್ಚಲು ಹಳೆಯ ಕಾಗದಪತ್ರಗಳನ್ನು ಹುಡುಕಬೇಕಾಯಿತು. ಬಂದ ಮೇಲೂ ತಕರಾರು: ಸಿಲುಮಾನ್ ಆದರೆ ನಾಗನ ತಲೆ ಮಾತ್ರ ಕಾಣಬೇಕು, ಇದರಲ್ಲಿ ಮೈಯೂ ಇದೆಯಲ್ಲ, ಇದು ನಾಗಸಾಸ್ರ ಅನ್ನುವ ಬೇರೆ ಬಗೆ ಅಂತ. ನಮ್ಮ ಸ್ಟೋರಿನವರು ಇವತ್ತಿಗೂ ತಕರಾರಿನವರ ಕಡೆ.

ನನ್ನದಕ್ಕೆ ಸೋಲೋದಿಂದ ಬೇರೆ ಒರೆ ಮಾಡಿಸಿ ತರುತ್ತೇನೆ ಅಂದಿದ್ದಾರೆ. ಖಾಲಿಯಾದ ಬಾಲಿ ಒರೆ, ರಾಕ್ಷಸ, ಎರಡೂ ಟಿ.ವಿ. ಪಕ್ಕದಲ್ಲಿವೆ. “ಇದಕ್ಕೆ ಇನ್ನೊಂದು ಹೆಣ್ಣು ನೋಡ್ತೀರಾ?” ಅಂತ ಹೆಂಡತಿ ಕೇಳಿದಳು. ನೋಡುತ್ತಿದ್ದೇನೆ, ಇನ್ನೂ ಅವಳಿಗೆ ಹೇಳಿಲ್ಲ.